ಬಾಗಿಲಿಗೆ ಮುಖ ಮಾಡಿದ ಜೋಡು

ದೆವ್ವ, ಭೂತ, ಗಾಳಿ ಸೋಕುವುದು, ಇವು ಯಾವುದನ್ನೂ ನಾನು ನಂಬಿದವಳಲ್ಲ. ನಂಬುವವರನ್ನು ಕಂಡರೆ ಅವರ ಎದುರಿಗೇ ನಗುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಬರೆಯುವುದನ್ನು ಓದಿ, ಪಾಪ ಮುದುಕಿ, ಪರದೇಶದಲ್ಲಿ ಏನನ್ನೋ ಕಂಡು ಬೆದರಿಕೊಂಡಿದ್ದಾಳೆ ಅಂತ ನೀವು ಅಂದುಕೊಳ್ಳಬಾರದು. ನಾನು ಬೆದರಲಿಲ್ಲ. ಈಗಲೂ ಹೆದರಿಕೆ ಇಲ್ಲ. ಆದರೆ ಒಂದು ಮಧ್ಯಾಹ್ನ ನನ್ನ ಕಾಲ ಬುಡದಲ್ಲೇ ಒಂದು ಸಂಗತಿ ನಡೆಯಿತು.

ನನ್ನ ಕೆಲಸ ಏನಾಗಿತ್ತು ಅಂತ ತಿಳಿದರೆ ನಾನು ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅಂತ ನಿಮಗೆ ಅರ್ಥವಾದೀತು. ನಂಜನಗೂಡಿನಲ್ಲಿ ದೇವಸ್ಥಾನದ ಹೊರಗೆ ಚಪ್ಪಲಿ ಸ್ಟ್ಯಾಂಡ್ ನೋಡಿಕೊಳ್ಳುತ್ತಿದ್ದೆ. ಗಂಡ ಸತ್ತ ಮೇಲೆ ಹಿಡಿದ ಕೆಲಸ, ಮಂಡಿ ಕೈಕೊಡುವ ತನಕ ಬಿಡಲಿಲ್ಲ. ಬಂದವರು ಚಪ್ಪಲಿ ಕೊಡುತ್ತಾರೆ, ನಾನು ತಗಡಿನ ಬಿಲ್ಲೆ ಕೊಡುತ್ತೇನೆ, ಜೋಡನ್ನು ಹಿಮ್ಮಡಿ ಹೊರಗೆ ಬರುವ ಹಾಗೆ ಗೂಡಿನಲ್ಲಿ ಇಡುತ್ತೇನೆ. ಹಿಮ್ಮಡಿ ಹೊರಗಿದ್ದರೆ ಎಳೆದು ಕೊಡುವುದು ಸುಲಭ. ಓದುಬರಹ ನನಗೆ ಅಷ್ಟಕ್ಕಷ್ಟೆ. ಬಿಲ್ಲೆಯ ಅಂಕಿ ಮೊದಲು ಕಲಿತೆ, ಆಮೇಲೆ ಮಗಳ ಸ್ಲೇಟು ನೋಡಿ ಅಕ್ಷರ ಕಲಿತೆ. ಅಷ್ಟು ವರ್ಷದಲ್ಲಿ ಚಪ್ಪಲಿ ಕಳುವಾಗಿದ್ದುಂಟು, ಅದಲುಬದಲಾಗಿದ್ದುಂಟು, ನಾಯಿ ಕಚ್ಚಿಕೊಂಡು ಹೋಗಿದ್ದುಂಟು. ಯಾರೂ ಮುಟ್ಟದೆ ಚಪ್ಪಲಿ ತಾನಾಗಿ ಕದಲಿದ್ದು ಒಂದು ದಿನವೂ ಇಲ್ಲ.

ಮಗಳು ಮಂಜುಳ, ಅಳಿಯ ರವಿ ಜಪಾನಿನ ಯೊಕೊಹಾಮದಲ್ಲಿದ್ದಾರೆ. ರವಿಗೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ, ಮಂಜುಳ ಇನ್ನೊಂದು ಆಫೀಸಿನಲ್ಲಿ. ಅವಳ ಎರಡನೆಯ ಹೆರಿಗೆಗೆ ಬಾಣಂತನ ಮಾಡಿ ಬರೋಣ ಅಂತ ಹೋದೆ. ಕೂಸು ಹುಟ್ಟುವುದಕ್ಕೂ ಕೊರೊನಾ ಬರುವುದಕ್ಕೂ ಸರಿಹೋಯಿತು. ವಿಮಾನ ನಿಂತವು. ವೀಸಾ ಮುಂದಕ್ಕೆ ಹಾಕಿಕೊಡುತ್ತಾ ಬಂದರು, ನಾನು ಅಲ್ಲೇ ಉಳಿದೆ.

ಮನೆ ಅಂದರೆ ಎರಡು ಕೋಣೆ. ಒಂದರಲ್ಲಿ ಅಳಿಯ ಕಂಪ್ಯೂಟರ್ ಮುಂದೆ, ಇನ್ನೊಂದರಲ್ಲಿ ಮಗಳು. ಕೂಸು ಅತ್ತರೆ ಇಬ್ಬರೂ ಎರಡು ಕಡೆಯಿಂದ ನನ್ನ ಕಡೆ ಕೈ ಬೀಸುತ್ತಿದ್ದರು, ಸುಮ್ಮನಿರಿಸು ಅಂತ. ಅದಕ್ಕೆ ಊಟವಾದ ಮೇಲೆ ಕೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹೊರಗೆ ಹೋಗುವ ಅಭ್ಯಾಸ ಮಾಡಿಕೊಂಡೆ. ಮನೆಯಿಂದ ಏರುದಾರಿ. ಪೊಲೀಸ್ ಚೌಕಿ ದಾಟಿ, ಕೊಂಬಿನಿ ಅಂತ ಕರೆಯುವ, ಹಗಲುರಾತ್ರಿ ತೆರೆದಿರುವ ಅಂಗಡಿ ದಾಟಿ, ಇನ್ನೂ ಸ್ವಲ್ಪ ಮೇಲೆ ಹೋದರೆ ಕೆಂಪು ಇಟ್ಟಿಗೆಯ ಹಳೆಯ ಚರ್ಚು. ಇಂಗ್ಲಿಷಿನವರು ಹಡಗಿನಲ್ಲಿ ಬಂದು ಬೀಡುಬಿಟ್ಟಿದ್ದ ಕಾಲದಲ್ಲಿ ಕಟ್ಟಿದ್ದು. ಭೂಕಂಪದಲ್ಲಿ ಒಂದು ಸಲ ಬಿದ್ದು, ಅದೇ ಇಟ್ಟಿಗೆ ಆರಿಸಿ ಮತ್ತೆ ಕಟ್ಟಿದರಂತೆ. ಸುತ್ತ ಗೋಡೆ, ಒಳಗೆ ಜಲ್ಲಿ ಹಾಸಿದ ಅಂಗಳ. ಪಕ್ಕದ ಬಾಗಿಲಿನ ಹತ್ತಿರ ಗೋಡೆಗೆ ಒರಗಿಸಿ ಹಾಕಿದ ಒಂದು ಕಲ್ಲುಬೆಂಚು. ನನ್ನ ಮಂಡಿಗೆ ಬೇಕಾಗಿದ್ದುದು ಅದು.

ಅಲ್ಲಿ ಕಿಮುರಾ ಸಾನ್ ಇದ್ದಳು. ಸಾನ್ ಅಂದರೆ ನಮ್ಮಲ್ಲಿ ಅವರೇ ಇವರೇ ಅಂದ ಹಾಗೆ. ನನ್ನ ವಯಸ್ಸೇ ಇರಬೇಕು, ಬೆನ್ನು ಬಾಗಿದೆ, ಕೈಯಲ್ಲಿ ಯಾವಾಗಲೂ ಪೊರಕೆ. ಒಂಟಿ ಹೆಂಗಸು. ಅವಳ ಮನೆತನದವರೇ ತಲೆಮಾರುಗಳಿಂದ ಆ ಚರ್ಚು ಗುಡಿಸಿಕೊಂಡು ಬಂದಿದ್ದಾರೆ. ಕೊರೊನಾ ಅಂತ ಪ್ರಾರ್ಥನೆಯೆಲ್ಲ ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು. ಪಾದ್ರಿಗಳು ಬೇರೆ ಊರಿನಲ್ಲಿದ್ದರು, ಚರ್ಚಿಗೆ ಬರುವವರೇ ಇರಲಿಲ್ಲ. ಈಕೆ ಮಾತ್ರ ದಿನಾ ಬಂದು, ಬಾಗಿಲು ತೆರೆದು ಗಾಳಿಯಾಡಿಸಿ, ಧೂಳು ಒರೆಸಿ ಹೋಗುತ್ತಿದ್ದಳು.

ನಮ್ಮಿಬ್ಬರಿಗೂ ಮೊದಲ ದಿನವೇ ಜಗಳವಾಯಿತು. ಕೂಸಿಗೆ ಚಳಿಯಾದೀತು ಅಂತ ಆಕೆಯೇ ಒಳಗೆ ಕರೆದಳು. ಒಳಗೆ ಮರದ ನೆಲ. ನಾನು ಚಪ್ಪಲಿ ಬಿಟ್ಟು ಹತ್ತಿದೆ. ನಡೆದುಬಂದ ಹಾಗೇ ಬಿಟ್ಟಿದ್ದರಿಂದ ಮೂತಿ ಒಳಗೆ, ಹಿಮ್ಮಡಿ ಹೊರಗೆ. ಆಕೆ ಲೊಚಗುಟ್ಟಿ, ಬಗ್ಗಿ, ಎರಡನ್ನೂ ತಿರುಗಿಸಿ ಮೂತಿ ಹೊರಗೆ ಮಾಡಿ ಇಟ್ಟಳು. ನನ್ನ ಚಪ್ಪಲಿಗೆ ಇನ್ನೊಬ್ಬರು ಬುದ್ಧಿ ಹೇಳುವುದೆಂದರೇನು? ನಾನೂ ಬಗ್ಗಿ ಮೊದಲಿನ ಹಾಗೇ ಇಟ್ಟೆ. ಆಕೆ ಮತ್ತೆ ತಿರುಗಿಸಿದಳು. ಹೀಗೇ ನಡೆಯುತ್ತಿತ್ತು. ಭಾಷೆ ಬರದಿದ್ದರೂ ಜಗಳಕ್ಕೆ ತೊಂದರೆಯಾಗಲಿಲ್ಲ.

ಮುಂದೆ ಒಂದು ರಜೆಯ ದಿನ ಮೊಮ್ಮಗಳು ಅನು ಜೊತೆಗೆ ಬಂದಳು. ಅಲ್ಲೇ ಹುಟ್ಟಿ ಬೆಳೆದ ಹುಡುಗಿ, ಜಪಾನಿ ಭಾಷೆ ಸುಲಲಿತ. ಕನ್ನಡ ಕಿವಿಗೆ ಬರುತ್ತದೆ, ಬಾಯಿಗೆ ಅರ್ಧ ಬರುತ್ತದೆ. ಕಿಮುರಾ ಸಾನ್ ಏನೋ ಹೇಳಿದಳು.

"ಅಜ್ಜಿ, ಶೂಸ್ ಹೊರಗಡೆ ಫೇಸ್ ಮಾಡಿ ಇಡಬೇಕಂತೆ. ವಾಪಸ್ ಹೋಗೋವಾಗ ಈಸಿ ಆಗತ್ತೆ ಅಂತ."

"ಒಳಗೆ ಬರೋವಾಗ್ಲೇ ಹೋಗೋ ಯೋಚ್ನೆ ಯಾಕಂತೆ? ಕೇಳು."

ಅನು ಕೇಳಿದಳು. ಕಿಮುರಾ ಸಾನ್ ಮಾಸ್ಕಿನ ಒಳಗೇ ನಕ್ಕಳು. ಆಮೇಲೆ ನಾನು ಕೂತಿದ್ದ ಕಲ್ಲನ್ನು ತೋರಿಸಿ ಇನ್ನೇನೋ ಅಂದಳು.

"ಆ ಸ್ಟೋನ್ ಮೇಲೆ ಯಾರೂ ಕೂತ್ಕೊಳಲ್ವಂತೆ ಅಜ್ಜಿ. ಅದು ಡಿಟೆಕ್ಟಿವ್ ಸಾನ್‌ದಂತೆ."

"ಎಲ್ಲವನೆ ಅವನು?"

"ಸತ್ತೋಗಿದಾರೆ. ಲಾಂಗ್ ಲಾಂಗ್ ಎಗೋ."

"ಹಂಗಾದ್ರೆ ಅವನು ಬಂದಾಗ ಎದ್ದೇಳ್ತೀನಿ ಅಂತ ಹೇಳು."

ಅನು ಹಿಂದೆಮುಂದೆ ನೋಡಿ ಹೇಳಿದಳು. ಕಿಮುರಾ ಸಾನ್ ನಗಲಿಲ್ಲ. ನಾನು ಮಾತು ಕೊಟ್ಟೆ, ತಾನು ತೆಗೆದುಕೊಂಡೆ ಅನ್ನುವ ಹಾಗೆ ತಲೆ ಬಗ್ಗಿಸಿದಳು. ಆಮೇಲೆ ಆ ಪತ್ತೇದಾರನ ಕತೆ ಹೇಳಿದಳು.

ವಿಕ್ಟೋರಿಯಾ ರಾಣಿಯ ಕಾಲವಂತೆ. ಆ ರಾಣಿ ನನಗೂ ಗೊತ್ತು, ಅವಳ ಮುಖವಿದ್ದ ಬೆಳ್ಳಿ ರೂಪಾಯಿಯನ್ನು ನಮ್ಮಜ್ಜಿ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ಲಂಡನ್ನಿನಲ್ಲಿ ಮಫ್ತಿಯಲ್ಲಿ ಓಡಾಡಿ ಕಳ್ಳರನ್ನು ಹಿಡಿಯುತ್ತಿದ್ದ ಒಬ್ಬ ಪತ್ತೇದಾರ ಯೊಕೊಹಾಮಕ್ಕೆ ಬಂದು ವ್ಯಾಪಾರಿಗಳ ಗೋದಾಮಿನ ಕಾವಲಿಗೆ ಸೇರಿಕೊಂಡನಂತೆ. ಆಗ ಈ ಚರ್ಚಿನ ಬೆಳ್ಳಿ ಬಟ್ಟಲು ಕಾಣೆಯಾಯಿತು. ಎಲ್ಲರೂ ಗುಡಿಸುವವನ ಮೇಲೆ ಅಪವಾದ ಹಾಕಿದರು. ಆ ಗುಡಿಸುವವನು ಕಿಮುರಾ ಸಾನ್‌ಳ ಅಜ್ಜನ ಅಪ್ಪ.

ಪತ್ತೇದಾರ ಯಾರನ್ನೂ ಏನೂ ಕೇಳಲಿಲ್ಲವಂತೆ. ಭಾನುವಾರ ಪ್ರಾರ್ಥನೆಯ ಹೊತ್ತಿಗೆ ಬಂದು ಈ ಕಲ್ಲಿನ ಮೇಲೆ ಕೂತು ಬಾಗಿಲು ನೋಡುತ್ತಿದ್ದನಂತೆ. ಇಂಗ್ಲಿಷಿನವರು ಬೂಟಿನಲ್ಲೇ ಒಳಗೆ ಹೋಗುತ್ತಿದ್ದರು. ಜಪಾನಿನವರು ಮರದ ಮೆಟ್ಟು ಹೊರಗೆ ಬಿಡುತ್ತಿದ್ದರು, ಸಾಲಾಗಿ, ಎಲ್ಲವೂ ಹೊರಮುಖವಾಗಿ. ಆ ಸಾಲಿನಲ್ಲಿ ಒಂದು ಜೋಡು ಮಾತ್ರ ಬಾಗಿಲಿಗೆ ಮುಖ ಮಾಡಿತ್ತು. ಜಪಾನಿನಲ್ಲಿ ಹುಟ್ಟಿದವನು ಹಾಗೆ ಬಿಡುವುದಿಲ್ಲ. ಆ ಜೋಡಿನವನು ಹೊರಗೆ ಬರುವ ತನಕ ಕಾದು ಹಿಡಿದ. ಹಡಗಿನಿಂದ ಇಳಿದ ಒಬ್ಬ ನಾವಿಕ ಜಪಾನಿನವರ ಬಟ್ಟೆ ಹಾಕಿ, ಹ್ಯಾಟು ಮುಖಕ್ಕೆ ಎಳೆದುಕೊಂಡು ಬಂದಿದ್ದನಂತೆ. ಮೊದಲೇ ಕದ್ದು ಚರ್ಚಿನೊಳಗೇ ಬಚ್ಚಿಟ್ಟಿದ್ದ ಬಟ್ಟಲು ಆಗ ಅವನ ಅಂಗಿಯ ಅಗಲ ತೋಳಿನ ಒಳಗಿತ್ತು. ಗುಡಿಸುವವನು ಉಳಿದುಕೊಂಡ.

"ಕಳ್ಳ ಎಲ್ಲಾದ್ರೂ ಕಾಲಲ್ಲಿರೋದು ಬಿಟ್ಟು ಒಳಕ್ಕೆ ಹೋಗ್ತಾನಾ?" ಅಂತ ಅನು ಮೂಲಕ ಕೇಳಿಸಿದೆ. ಜಪಾನಿನವರ ವೇಷದಲ್ಲಿದ್ದವನು ಮೆಟ್ಟು ಬಿಡದೆ ಹೋದರೆ ಮೊದಲ ಮೆಟ್ಟಿಲಲ್ಲೇ ಸಿಕ್ಕಿಬೀಳುತ್ತಿದ್ದ ಅಂತ ಉತ್ತರ ಬಂತು. ಅದೂ ಸರಿಯೇ.

ಆ ಪತ್ತೇದಾರ ತನ್ನ ದೇಶಕ್ಕೆ ವಾಪಸ್ ಹೋಗಲಿಲ್ಲವಂತೆ. ಮುದುಕನಾದ ಮೇಲೂ ಪ್ರತಿ ಭಾನುವಾರ ಈ ಕಲ್ಲಿನ ಮೇಲೆ ಕೂತು, ಯಾರಾದರೂ ಮೆಟ್ಟು ತಪ್ಪಾಗಿ ಬಿಟ್ಟಿದ್ದರೆ ಕೈಕೋಲಿನ ತುದಿಯಿಂದ ಸರಿಪಡಿಸುತ್ತಿದ್ದನಂತೆ. ತಾನು ಮಾತ್ರ ಸಾಯುವ ತನಕ ಬೂಟು ಬಿಚ್ಚದೆ ಚರ್ಚಿನೊಳಗೆಲ್ಲ ಟಕಟಕ ಓಡಾಡಿದ. ನೆಲ ಒರೆಸುವವರು ತಾವಲ್ಲವೇ, ಅದೊಂದಕ್ಕೆ ಮಾತ್ರ ಕಿಮುರಾ ಮನೆತನದವರಿಗೆ ಅವನ ಮೇಲೆ ಸಿಟ್ಟು. ಒಳಗೆ ಗೋಡೆಯ ಮೇಲೆ ಅವನ ಹೆಸರಿನ ಹಿತ್ತಾಳೆ ತಗಡಿತ್ತು. ಕಿಮುರಾ ಸಾನ್ ಅದನ್ನು ದಿನಾ ಉಜ್ಜುತ್ತಿದ್ದಳು. ಕತೆ ಚೆನ್ನಾಗಿದೆ ಅಂದೆ. ನಂಬಿದೆ ಅಂತೇನೂ ಹೇಳಲಿಲ್ಲ.

ಇಷ್ಟು ಹೇಳಬೇಕಾಗಿತ್ತು. ಈಗ ಆ ದಿನಕ್ಕೆ ಬರುತ್ತೇನೆ.

ಚಳಿಗಾಲ. ಕೊರೊನಾ ಮತ್ತೆ ಏರಿ, ಹೊರಗೆ ಬರಬೇಡಿ ಅಂತ ಸರ್ಕಾರ ಹೇಳಿದ್ದ ದಿನಗಳು. ದಾರಿಯಲ್ಲಿ ಜನವಿಲ್ಲ. ಅನು ಸ್ಕೂಲಿಗೆ ಹೋಗಿದ್ದಳು. ನಾನು ಕೂಸನ್ನು ತಳ್ಳಿಕೊಂಡು ಚರ್ಚಿಗೆ ಹೋದಾಗ ಪಕ್ಕದ ಬಾಗಿಲು ಮುಚ್ಚಿತ್ತು. ಬೀಗ ಹಾಕಿದೆಯೋ ಇಲ್ಲವೋ ಅಂತ ತಳ್ಳಿ ನೋಡಿದೆ, ತೆರೆಯಲಿಲ್ಲ. ಪೊರಕೆ ಗೋಡೆಗೆ ಒರಗಿಕೊಂಡಿತ್ತು. ಕೆಲಸ ಮುಗಿಸಿ ಬೇಗ ಹೋಗಿರಬೇಕು ಅಂದುಕೊಂಡೆ. ಅನುಮಾನ ಪಡುವಂಥದು ಏನೂ ಇರಲಿಲ್ಲ, ಪಡಲೂ ಇಲ್ಲ.

ಕಲ್ಲಿನ ಮೇಲೆ ಶಾಲು ಮಡಿಸಿ ಹಾಕಿ, ಚಪ್ಪಲಿ ಬಿಟ್ಟು, ಚಕ್ಕಂಬಕ್ಕಲ ಹಾಕಿಕೊಂಡು ಕೂತೆ. ಕಾಲು ಇಳಿಬಿಟ್ಟು ಕೂರುವುದು ನನಗೆ ಆಗದು. ಕಾಲಿಗೆ ಕಿಮುರಾ ಸಾನ್ ಕೊಟ್ಟಿದ್ದ ಜಪಾನಿನ ಕಾಲುಚೀಲ ಇತ್ತು. ಹೆಬ್ಬೆರಳು ಬೇರೆಯಾಗಿರುವ ಚೀಲ, ನಮ್ಮ ಹವಾಯಿ ಚಪ್ಪಲಿಗೆ ಹೇಳಿ ಮಾಡಿಸಿದ್ದು. ಬೆನ್ನು ಗೋಡೆಗೆ, ಮುಖ ಗೇಟಿಗೆ. ಬಾಗಿಲು ನನ್ನ ಬಲಕ್ಕೆ ನಾಲ್ಕು ಹೆಜ್ಜೆ ದೂರ. ಚಪ್ಪಲಿಯ ಮೂತಿಯೂ ಗೇಟಿನ ಕಡೆಗೇ ಇತ್ತು.

ಕೂಸಿನ ಹೊದಿಕೆ ಜಾರಿತ್ತು. ಏಳೋಣ ಅಂತ ಕಾಲು ಇಳಿಸಿದೆ, ಬೆರಳಿಗೆ ಉಂಗುಷ್ಟ ಸಿಗಲಿಲ್ಲ. ನೋಡಿದರೆ ಎರಡು ಚಪ್ಪಲಿಯೂ ಜೊತೆಜೊತೆಯಾಗಿ ಅಡ್ಡಕ್ಕೆ ತಿರುಗಿವೆ, ಮೂತಿ ಬಾಗಿಲ ಕಡೆಗೆ. ನಾನೇ ಹಾಗೆ ಬಿಟ್ಟಿರಬೇಕು ಅಂದುಕೊಂಡು ಹಾಕಿಕೊಂಡೆ. ಹೊದಿಕೆ ಸರಿಮಾಡಿ ಬಂದು, ಈ ಸಲ ನೋಡಿಯೇ ಬಿಟ್ಟೆ. ಮೂತಿ ಗೇಟಿಗೆ.

ಸ್ವಲ್ಪ ಹೊತ್ತು ಕೂತೆ. ಕೆಳಗೆ ನೋಡಿದರೆ ಮತ್ತೆ ಬಾಗಿಲ ಕಡೆಗೆ.

ಆಗ ನನಗೆ ಬಂದದ್ದು ಹೆದರಿಕೆ ಅಲ್ಲ, ಸಿಟ್ಟು. ಯಾರೋ ಆಟ ಆಡಿಸುತ್ತಿದ್ದಾರೆ ಅಂತ. ಎದ್ದು ಗೋಡೆಯ ಮೂಲೆ ನೋಡಿದೆ, ಗೇಟಿನಾಚೆ ನೋಡಿದೆ, ಕಲ್ಲಿನ ಅಡಿ ಬಗ್ಗಿ ನೋಡಿದೆ. ಯಾರೂ ಇಲ್ಲ. ಆ ಅಂಗಳದಲ್ಲಿ ಬೆಕ್ಕು ನಡೆದರೂ ಜಲ್ಲಿ ಕರಕರ ಅನ್ನುತ್ತದೆ. ಗಾಳಿ ಇರಲಿಲ್ಲ, ಗಾಡಿಯ ಮೇಲೆ ಕಟ್ಟಿದ್ದ ಬಣ್ಣದ ಕಾಗದದ ಗಿರಗಿಟ್ಲೆ ಕೂಡ ತಿರುಗುತ್ತಿರಲಿಲ್ಲ. ಆಗಲಿ, ನೋಡೇಬಿಡುತ್ತೇನೆ ಅಂತ ಮತ್ತೆ ಚಪ್ಪಲಿಯನ್ನು ಗೇಟಿನ ಕಡೆಗೆ ತಿರುಗಿಸಿ ಇಟ್ಟು, ಅದರ ಮೇಲೆ ಕಣ್ಣು ನೆಟ್ಟು ಕೂತೆ. ದೇವಸ್ಥಾನದ ಚಪ್ಪಲಿ ಕಳ್ಳರನ್ನೇ ಹಾಗೆ ಕಾದವಳು ನಾನು.

ನಾನು ನೋಡುತ್ತಿರುವ ತನಕ ಅವು ಅಲುಗಲಿಲ್ಲ. ಕೂಸು ಸೀನಿತು. ಒಂದು ಗಳಿಗೆ ಆ ಕಡೆ ತಿರುಗಿದೆ. ಈ ಕಡೆ ತಿರುಗಿದಾಗ ಕಲ್ಲಿನ ಮುಂದೆ ಚಪ್ಪಲಿ ಇರಲಿಲ್ಲ. ನಾಲ್ಕು ಹೆಜ್ಜೆಯಾಚೆ, ಬಾಗಿಲಿನ ಮೆಟ್ಟಿಲ ಮೇಲೆ, ಮೂತಿ ಬಾಗಿಲಿನ ಹಲಗೆಗೆ ತಾಗುವ ಹಾಗೆ ಜೋಡಿಸಿ ಇಟ್ಟಿತ್ತು.

ಇದನ್ನು ನಾನು ಹೆಚ್ಚಿಸಿ ಬರೆಯುತ್ತಿಲ್ಲ. ಆದದ್ದು ಇಷ್ಟೇ. ಶಬ್ದವಿಲ್ಲ, ನೆರಳಿಲ್ಲ, ತಣ್ಣಗಿನ ಗಾಳಿ ಬೀಸಿತು ಅನ್ನುವಂಥದೂ ಇಲ್ಲ.

ಕಾಲುಚೀಲದಲ್ಲೇ ಎದ್ದುಹೋಗಿ ಬಾಗಿಲು ಬಡಿದೆ. "ಕಿಮುರಾ ಸಾನ್! ಏ ಕಿಮುರಾ ಸಾನ್!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಉತ್ತರವಿಲ್ಲ. ಬಾಗಿಲಿನ ಕೆಳಗಡೆ ಪೇಪರ್ ಹಾಕುವ ಕಿಂಡಿ ಇತ್ತು. ಮಂಡಿ ಊರಿ, ತಗಡು ಎತ್ತಿ ಒಳಗೆ ನೋಡಿದೆ. ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಕಂಡಿತು: ಕಿಮುರಾ ಸಾನ್‌ಳ ಕಪ್ಪು ಬೂಟು ಒಳಗೇ ಇದೆ. ಮೂತಿ ಹೊರಗೆ, ಒಂದಕ್ಕೊಂದು ಅಂಟಿಸಿದ ಹಾಗೆ. ಹೊರಗೆ ಹಾಕುವ ಬೂಟು ಒಳಗಿದ್ದರೆ ಹೆಂಗಸೂ ಒಳಗೇ ಇರಬೇಕು. ಬರಿಗಾಲಿನಲ್ಲಿ ಮನೆಗೆ ಹೋಗುವವಳಲ್ಲ ಆಕೆ.

ಚಪ್ಪಲಿ ಅಲ್ಲೇ ಬಿಟ್ಟೆ. ಅವನ್ನು ಮುಟ್ಟಬೇಕು ಅನ್ನಿಸಲಿಲ್ಲ. ಗಾಡಿ ತಳ್ಳಿಕೊಂಡು ಇಳಿಜಾರಿನಲ್ಲಿ ಪೊಲೀಸ್ ಚೌಕಿಗೆ ಓಡಿದೆ. ಅಲ್ಲೊಬ್ಬ ಹುಡುಗು ವಯಸ್ಸಿನ ಪೊಲೀಸ್ ಕೂತಿದ್ದ. ನನಗೆ ಬರುತ್ತಿದ್ದದ್ದು ಸುಮಿಮಾಸೆನ್, ಅರಿಗಾತೋ, ಅಷ್ಟೇ. ಒಂದು ಕ್ಷಮಿಸಿ ಅನ್ನುವುದಕ್ಕೆ, ಇನ್ನೊಂದು ಉಪಕಾರವಾಯಿತು ಅನ್ನುವುದಕ್ಕೆ. ಸುಮಿಮಾಸೆನ್, ಸುಮಿಮಾಸೆನ್ ಅಂತ ಬೈಯುವ ದನಿಯಲ್ಲಿ ಕ್ಷಮೆ ಕೇಳುತ್ತಾ ಮೇಲಕ್ಕೆ ಕೈ ತೋರಿಸಿದೆ. ಅವನು ನನ್ನ ಮಣ್ಣಾದ ಕಾಲುಚೀಲ ನೋಡಿದ, ಕೂಸನ್ನು ನೋಡಿದ. ದಾರಿ ತಪ್ಪಿದ ಅರಳುಮರಳು ಮುದುಕಿ ಅಂದುಕೊಂಡ. ಎದ್ದುಹೋಗಿ ನನ್ನ ಕಾಲಿಗೆ ಒಂದು ಜೊತೆ ಸ್ಲಿಪ್ಪರ್ ತಂದ! ತೋಳು ಹಿಡಿದು ಎಳೆದರೆ ಹಾವು ಮುಟ್ಟಿದ ಹಾಗೆ ಹಿಂದಕ್ಕೆ ಹಾರಿದ. ಕೊರೊನಾ ಕಾಲ, ಅವನದೂ ತಪ್ಪಲ್ಲ.

ಮಗಳಿಗೆ ಫೋನ್ ಮಾಡಿದೆ.

"ಅಮ್ಮ, ಮೀಟಿಂಗಲ್ಲಿದೀನಿ. ಕೂಸು ಸರಿಗಿದೆ ತಾನೆ?"

"ಕೂಸು ಸರಿಗದೆ. ನಾನು ಪೊಲೀಸ್ ತಾವ ಇದೀನಿ."

"ಅಯ್ಯೋ! ಏನ್ ಮಾಡ್ದೆ? ಅಲ್ಲಿ ಕಿರುಚಾಡಬೇಡಮ್ಮ, ವೀಸಾ ಎಕ್ಸ್‌ಟೆನ್ಶನ್ ಬೇರೆ ಇದೆ."

"ನಿನ್ ವೀಸಾ ಮನೆ ಹಾಳಾಗ. ಕಿಮುರಾ ಸಾನ್ ಚರ್ಚಿನೊಳಗೆ ಬಿದ್ದವ್ಳೆ ಅಂತ ಇವನಿಗೆ ಹೇಳು."

"ನೀನು ನೋಡಿದ್ಯಾ?"

"ನೋಡಿಲ್ಲ."

"ಮತ್ತೆ ಹೆಂಗೆ ಗೊತ್ತು?"

"ನನ್ ಚಪ್ಪಲಿ ಬಾಗಿಲ ಕಡೆ ತಿರುಗ್ತು. ಮೂರು ಸಲ."

"ಅಮ್ಮ, ಚಪ್ಪಲಿ ತಿರುಗ್ತು ಅಂತ ನಾನು ಜಪಾನ್ ಪೊಲೀಸ್‌ಗೆ ಹೇಳ್ಲಾ?"

"ಅದ್ ಬ್ಯಾಡ. ಅವಳ ಬೂಟು ಒಳಗಿದೆ, ಬಡಿದ್ರೂ ಬಾಗಿಲು ತೆಗೀತಿಲ್ಲ ಅಂತ ಹೇಳು. ಅದು ಕಣ್ಣಾರೆ ಕಂಡಿರೋದು."

ಫೋನನ್ನು ಪೊಲೀಸಿನವನ ಮುಂದೆ ಹಿಡಿದೆ. ಬೂಟಿನ ಮಾತು ಕಿವಿಗೆ ಬಿದ್ದದ್ದೇ ಆ ಹುಡುಗನ ಮುಖ ಬದಲಾಯಿತು. ಟೋಪಿ ಹಾಕಿಕೊಂಡು ಓಡಿದ. ಚರ್ಚಿನ ಇನ್ನೊಂದು ಬೀಗದ ಕೈ ಕೊಂಬಿನಿ ಅಂಗಡಿಯ ಮುದುಕನ ಹತ್ತಿರ ಇರುವುದು ಅವನಿಗೆ ಗೊತ್ತಿತ್ತು. ಹೋಗುತ್ತಾ ಅವನನ್ನೂ ಎಬ್ಬಿಸಿಕೊಂಡು ಹೋದ. ನಾನು ಗಾಡಿ ತಳ್ಳಿಕೊಂಡು ಹಿಂದಿನಿಂದ ಏದುಸಿರು ಬಿಡುತ್ತಾ ಹತ್ತಿದೆ. ಊರಿನ ಕಂಬದ ಮೈಕುಗಳಲ್ಲಿ ಸಂಜೆಯ ಗಂಟೆಯ ರಾಗ ಬಾರಿಸುತ್ತಿತ್ತು, ಮಕ್ಕಳು ಮನೆಗೆ ಹೋಗಲಿ ಅಂತ ದಿನಾ ಹಾಕುವುದು. ಚಳಿಗಾಲದಲ್ಲಿ ಅಲ್ಲಿ ಬಹಳ ಬೇಗ ಕತ್ತಲಾಗುತ್ತದೆ.

ಬಾಗಿಲು ತೆರೆದರು. ಪೊಲೀಸ್ ಹುಡುಗ ಚಪ್ಪಲಿ ದಾಟಿ ಒಳಗೆ ನುಗ್ಗಿದ. ಅಂಗಡಿ ಮುದುಕ ಅವನ ಹಿಂದೆ ಹೋಗುವವನು, ಮೆಟ್ಟಿಲ ಮೇಲೆ ತನ್ನ ಬೂಟು ಬಿಚ್ಚಿ, ಬಗ್ಗಿ, ಅದರ ಜೊತೆಗೆ ನನ್ನ ಚಪ್ಪಲಿಯನ್ನೂ ಹೊರಮುಖವಾಗಿ ತಿರುಗಿಸಿ ಇಟ್ಟು ಓಡಿದ. ಅಂಥ ಅವಸರದಲ್ಲೂ! ಹಾಗೆ ಮಾಡಿದ್ದು ಅವನಿಗೇ ತಿಳಿದಿರಲಾರದು, ಕೈ ತಾನೇ ಮಾಡಿತು. ಅದನ್ನು ನೋಡುತ್ತಾ ನಿಂತ ನನಗೆ ಒಂದು ಮಾತು ಖಾತ್ರಿಯಾಯಿತು. ನನ್ನ ಚಪ್ಪಲಿಯನ್ನು ಬಾಗಿಲಿಗೆ ಮುಖ ಮಾಡಿ ಇಟ್ಟದ್ದು ಯಾರೇ ಆಗಿರಲಿ, ಆ ದೇಶದಲ್ಲಿ ಹುಟ್ಟಿ ಬೆಳೆದ ಕೈ ಅಲ್ಲ.

ಕಿಮುರಾ ಸಾನ್ ಗಂಟೆ ಗೋಪುರದ ಮೆಟ್ಟಿಲ ಕೆಳಗೆ ಬಿದ್ದಿದ್ದಳು. ಹಿಂದಿನ ದಿನ ಸಂಜೆ ಒಳಗಿನಿಂದ ಬೀಗ ಹಾಕಿಕೊಂಡು, ಮೇಲಿನ ಕಿಟಕಿ ಮುಚ್ಚಿ ಇಳಿಯುವಾಗ ಜಾರಿದ್ದು. ಸೊಂಟದ ಮೂಳೆ ಮುರಿದಿತ್ತು. ರಾತ್ರಿಯೆಲ್ಲ ಆ ತಣ್ಣನೆಯ ನೆಲದ ಮೇಲೆ. ಮೈ ನೀಲಿಯಾಗಿತ್ತು, ಉಸಿರಿತ್ತು. ಆಂಬುಲೆನ್ಸ್ ಬಂತು. ಇನ್ನೊಂದು ರಾತ್ರಿ ಕಳೆದಿದ್ದರೆ ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರಂತೆ. ಹೇಳಬೇಕೇ, ಅಲ್ಲಿಗೆ ಬರುವವರು ಬೇರೆ ಯಾರಿದ್ದರು?

ಪಾದ್ರಿಗಳು ಮನೆ ಬಾಗಿಲಿಗೆ ಬಂದು, ದೂರದಲ್ಲೇ ನಿಂತು, ನಡು ಬಗ್ಗಿಸಿ ನಮಸ್ಕಾರ ಮಾಡಿದರು. ಹೇಗೆ ತಿಳಿಯಿತು ಅಂತ ಕೇಳಿದರು. ಮಂಜುಳ ನನ್ನನ್ನು ಕೇಳದೆಯೇ, ಅಮ್ಮ ಕಿಂಡಿಯಿಂದ ಬೂಟು ನೋಡಿದರು ಅಂತ ಹೇಳಿ ಮುಗಿಸಿದಳು. ಸುಳ್ಳೇನಲ್ಲ. ಆದರೆ ಕಿಂಡಿಯ ಹತ್ತಿರ ನನ್ನನ್ನು ಬಗ್ಗಿಸಿದ್ದು ಯಾರು?

ರವಿಗೆ ಎಲ್ಲಕ್ಕೂ ಕಾರಣ ಬೇಕು. ನಿಮ್ಮ ಕಾಲೇ ತಾಗಿರಬಹುದು ಅಂದ. ನನ್ನ ಕಾಲು ಕಲ್ಲಿನ ಮೇಲೆ ಮಡಿಸಿತ್ತು. ಗಾಳಿ ಅಂದ. ಗಾಳಿಗೆ ಎರಡು ಚಪ್ಪಲಿಯೂ ಜೋಡಿಯಾಗಿ ನಡೆದು ಮೆಟ್ಟಿಲು ಹತ್ತುತ್ತವೆಯೇ? ಕೊನೆಗೆ, "ಅಲ್ಲ ಅತ್ತೆ, ಒಂದೊಂದ್ಸಲ ವಯಸ್ಸಾದ ಮೇಲೆ..." ಅಂತ ಎಳೆದ. "ನನ್ ತಲೆ ನೆಟ್ಟಗದೆ ಕಣಪ್ಪ. ಇವತ್ತು ಸಾರಿಗೆ ಉಪ್ಪು ಹಾಕಿಲ್ಲ, ಬೇಕಂತಲೇ ಹಾಕಿಲ್ಲ, ನಿನ್ನ ಬಿಪಿಗೆ. ತಿಂದು ನೋಡು" ಅಂದೆ. ಆಮೇಲೆ ಆ ಮಾತು ಎತ್ತಲಿಲ್ಲ.

ವಸಂತದಲ್ಲಿ ಕಿಮುರಾ ಸಾನ್ ನಾಲ್ಕು ಕಾಲಿನ ಊರುಗೋಲು ಹಿಡಿದು ವಾಪಸ್ ಬಂದಳು. ಅನುವನ್ನು ಕರೆದುಕೊಂಡು ಹೋದೆ. ಕೈ ಹಿಡಿದು ಅಳುವುದು ಗಿಳುವುದು ಏನೂ ನಡೆಯಲಿಲ್ಲ, ನಾವಿಬ್ಬರೂ ಅಂಥವರಲ್ಲ. ನೀನು ಒಳಗಿಂದ ಕೂಗಿದೆಯಾ ಅಂತ ಕೇಳಿಸಿದೆ. ಬಾಯೊಣಗಿ ದನಿಯೇ ಹೊರಡಲಿಲ್ಲವಂತೆ.

"ಆದ್ರೆ ಅಜ್ಜಿ, ಅವ್ರಿಗೆ ಸೌಂಡ್ ಕೇಳಿಸ್ತಂತೆ. ಯಾರೋ ಒಳಗೆ ನಡೀತಿದ್ರಂತೆ. ಡೋರ್ ತನಕ ಹೋಗೋದು, ವಾಪಸ್ ಬರೋದು, ಮತ್ತೆ ಹೋಗೋದು. ಬೂಟ್ಸ್ ಹಾಕ್ಕೊಂಡು."

"ಭಯ ಆಗ್ಲಿಲ್ವಂತಾ?"

ಅನು ಕೇಳಿ ನಗತೊಡಗಿದಳು. "ಇಲ್ವಂತೆ. ಕೋಪ ಬಂತಂತೆ. ಬೆಳಿಗ್ಗೆ ತಾನೇ ಫ್ಲೋರ್ ಒರೆಸಿದ್ದೆ ಅಂತ."

ನೋವಿನಲ್ಲಿ ಬಿದ್ದಿದ್ದವಳ ಕಿವಿಗೆ ಏನು ಬೇಕಾದರೂ ಕೇಳೀತು. ಅದನ್ನು ನಾನು ಸಾಕ್ಷಿ ಅಂತ ಹೇಳುವುದಿಲ್ಲ. ನನ್ನ ಚಪ್ಪಲಿಯ ಸಂಗತಿಯನ್ನೂ ಹೇಳಿಸಿದೆ. ಆಕೆ ಆಶ್ಚರ್ಯಪಡಲಿಲ್ಲ. ಮೂತಿ ಒಳಗಿತ್ತೋ ಹೊರಗಿತ್ತೋ ಅಂತ ಅದೊಂದನ್ನೇ ಕೇಳಿದಳು. ಒಳಗೆ ಅಂದೆ. ತಲೆಯಾಡಿಸಿ, ಕಲ್ಲಿನ ಕಡೆ ನೋಡಿ ಅನುವಿಗೆ ಏನೋ ಹೇಳಿದಳು.

"ಅಜ್ಜಿ, ಡಿಟೆಕ್ಟಿವ್ ಸಾನ್ ಬಂದ್ರೆ ಎದ್ದೇಳ್ತೀನಿ ಅಂತ ನೀವು ಪ್ರಾಮಿಸ್ ಮಾಡಿದ್ರಲ್ಲ ಅಂತಿದಾರೆ."

"ಎದ್ನಲ್ಲ ಅಂತ ಹೇಳು" ಅಂದೆ.

ಹೇಳಿದ ಮೇಲೆ, ಅವನು ಬಂದಿದ್ದ ಅಂತ ನಾನೇ ಒಪ್ಪಿಕೊಂಡ ಹಾಗಾಯಿತಲ್ಲ ಅಂತ ಹೊಳೆದು, ಗೋಡೆಗೆ ಒರಗಿದ್ದ ಪೊರಕೆ ಎತ್ತಿಕೊಂಡೆ.

ವಿಮಾನ ಶುರುವಾಗಿ ಊರಿಗೆ ಹೊರಡುವ ಮುಂಚೆ ಒಬ್ಬಳೇ ಅಲ್ಲಿಗೆ ಹೋದೆ. ಕಲ್ಲಿನ ಮುಂದೆ ಚಪ್ಪಲಿಯನ್ನು ಮೂತಿ ಗೇಟಿಗೆ ಮಾಡಿ ಬಿಟ್ಟು, ಪೂರ್ತಿ ಆಕ್ರಮಿಸದೆ ಒಂದು ಪಕ್ಕಕ್ಕೆ ಕೂತೆ. ಬೇಕೆಂದೇ ಬೇರೆ ಕಡೆ ನೋಡಿದೆ, ಕಣ್ಣು ಮುಚ್ಚಿಕೊಂಡೆ. ಬಹಳ ಹೊತ್ತಾದ ಮೇಲೆ ಕೆಳಗೆ ನೋಡಿದರೆ ಚಪ್ಪಲಿ ಬಿಟ್ಟ ಹಾಗೇ ಇತ್ತು. ಅಂದು ಅವನಿಗೆ ನನ್ನಿಂದ ಕೆಲಸವಿತ್ತು, ಇಂದು ಇಲ್ಲ ಅಂತ ನೀವು ಅನ್ನಬಹುದು. ಕಿಮುರಾ ಸಾನ್ ಹಾಗೇ ಅನ್ನುತ್ತಾಳೆ. ದೆವ್ವ ಭೂತ ನಾನು ಈಗಲೂ ನಂಬುವುದಿಲ್ಲ. ಆ ದಿನ ನನ್ನ ಚಪ್ಪಲಿಯನ್ನು ಯಾರೋ ತಿರುಗಿಸಿದರು ಅನ್ನುವುದನ್ನೂ ಬಿಟ್ಟುಕೊಡುವುದಿಲ್ಲ. ಎರಡೂ ಹೇಗೆ ಒಟ್ಟಿಗೆ ನಿಜವಾಗುತ್ತವೆ ಅಂತ ನನ್ನನ್ನು ಕೇಳಬೇಡಿ. ಇಳಿದು ಚಪ್ಪಲಿ ಹಾಕಿಕೊಂಡೆ. ಹೋಗಲು ಸುಲಭವಾಗಿತ್ತು.